ನ್ಯಾಯದ ನೆಲೆ: ಜೀಪಿಗೆ ಬೇರೆ ಟ್ರಾನ್ಸ್‌ಫರ್ ಕೇಸ್

ಗುಡ್ಡದ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಒಯ್ಯುವ ಜೀಪಿಗೆ ಬೇರೆ ಮಾದರಿಯ ಟ್ರಾನ್ಸ್‌ಫರ್ ಕೇಸ್ ಜೋಡಿಸಬಹುದೇ ಎಂದು ಪೋಷಕರೊಬ್ಬರು ಕೇಳಿದ್ದಾರೆ. ಇಂಜಿನಿನ ಬಲವನ್ನು ಮುಂದಿನ ಹಾಗೂ ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆಯದು. ಅದರ ‘ಲೋ’ ಅನುಪಾತ ಹೆಚ್ಚಿದಷ್ಟೂ ಏರು ಸುಲಭ, ನಿಜ.

ಆದರೆ ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದವುಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಎತ್ತಿಹಿಡಿದಿದೆ. ಅಕ್ರಮ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಅದೇ ಮಾದರಿಯದನ್ನು ಕೂರಿಸಿದರೆ ಅದು ಬರಿಯ ದುರಸ್ತಿ. ನೋಂದಣಿ ಪತ್ರದಲ್ಲಿ ಆ ಪೆಟ್ಟಿಗೆಯ ಹೆಸರೇ ಇಲ್ಲವೆಂದು ವಾದಿಸುವವರಿದ್ದಾರೆ. ಮಕ್ಕಳು ಕೂರುವ ವಾಹನದಲ್ಲಿ ಆ ವಾದವನ್ನು ಪರೀಕ್ಷಿಸಲು ನಾನು ಸಲಹೆ ಕೊಡಲಾರೆ. ಮೊದಲು ಆರ್‌ಟಿಒ ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ, ಮೆಕ್ಯಾನಿಕ್ಕಿನ ಬಳಿಗೆ ಆಮೇಲೆ ಹೋಗಿ.