ಕಣ್ಣಿಗೆ ಕಾಣದ ಗ್ಯಾಸಿನ ತೂಕ



ಕಳೆದ ಮಳೆಗಾಲದ ಒಂದು ದಿನ ಅಸರ್ ನಮಾಝ್ ಮುಗಿಸಿ ಕುಳಿತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮೂರು ಬಿಲ್ ಪುಸ್ತಕಗಳು. ಅವಳ ಗಂಡ ಹನ್ನೆರಡು ವರ್ಷ ದಮಾಮಿನಲ್ಲಿ ಎಸಿ ಕೆಲಸ ಮಾಡಿ ಊರಿಗೆ ಮರಳಿದವರು. ಈಗ ಸ್ವಂತ ಕಂಟ್ರಾಕ್ಟ್. ಮನೆ, ಅಂಗಡಿ, ಕ್ಲಿನಿಕ್‌ಗಳಿಗೆ ಎಸಿ ಕೂರಿಸುವುದು, ರಿಪೇರಿ ಮಾಡುವುದು. ಪಿಯುಸಿಯಲ್ಲಿ ಕಾಮರ್ಸ್ ಓದಿದವಳೆಂದು ಲೆಕ್ಕಪತ್ರ ನೋಡುವ ಕೆಲಸವನ್ನು ಇವಳಿಗೆ ಒಪ್ಪಿಸಿದ್ದರು.

"ಟೀಚರ್, ಈ ಪುಸ್ತಕದಲ್ಲಿ ಗ್ಯಾಸ್ ತುಂಬಿಸಿದ್ದಕ್ಕೆ ಎಂದು ಬರೆದ ಬಿಲ್‌ಗಳು ತುಂಬಾ ಇವೆ. ಆದರೆ ಸಿಲಿಂಡರ್ ಖರೀದಿಸಿದ ಲೆಕ್ಕ ಅಷ್ಟಿಲ್ಲ. ಕೇಳಿದರೆ, ಈ ಲೈನಿನಲ್ಲಿ ಎಲ್ಲರೂ ಹೀಗೇ ಮಾಡುವುದು ಅಂದರು. ನನಗೆ ನಿದ್ದೆ ಬರುವುದಿಲ್ಲ. ನಾನು ಮಕ್ಕಳ ಬಟ್ಟಲಿಗೆ ಹಾಕುವ ಅನ್ನ ಹಲಾಲೇ?"

ಅವಳಿಗೆ ಏನು ಉತ್ತರ ಕೊಟ್ಟೆ ಎಂದು ಹೇಳುವ ಮೊದಲು ಒಂದು ವಿಷಯ ನಿಮಗೂ ತಿಳಿದಿರಲಿ. ಎಸಿಯೊಳಗಿನ ಗ್ಯಾಸ್ ಅಡುಗೆ ಗ್ಯಾಸಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಾ ಕೋಣೆಯ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಹೊರಗಿನ ಕಾಯಿಲ್ ತುಕ್ಕು ಹಿಡಿದು ತೂತಾಗುವುದುಂಟು. ಆ ತೂತನ್ನು ಹುಡುಕಿ ಮುಚ್ಚದೆ ಪ್ರತಿ ವರ್ಷ ಗ್ಯಾಸ್ ತುಂಬಿಸುತ್ತಾರೆ ಎಂದರೆ ನಿಮ್ಮ ದುಡ್ಡು ಗಾಳಿಗೆ ಹೋಗುತ್ತಿದೆ. ಬಹಳಷ್ಟು ಸಲ ಗ್ಯಾಸ್ ಸರಿಯಾಗಿಯೇ ಇರುತ್ತದೆ. ಧೂಳು ಕಟ್ಟಿದ ಜಾಲರಿ ತೊಳೆದರೆ ತಂಪು ತಾನಾಗಿ ಬರುತ್ತದೆ. ಜಾಲರಿ ತೊಳೆದು ಗ್ಯಾಸಿನ ಬಿಲ್ ಬರೆದರೆ ಗಿರಾಕಿಗೆ ತಿಳಿಯುವ ದಾರಿಯೇ ಇಲ್ಲ.

ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಘಟನೆ ನಿಮಗೆಲ್ಲ ಗೊತ್ತು. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ಅಲ್ಲಿ ಕೈ ಹಾಕಿದರೆ ಒದ್ದೆ ತಾಗುತ್ತಿತ್ತು. ಗ್ಯಾಸಿನ ಕೊಳವೆಗೆ ಕೈ ಹಾಕಿ ನೋಡುವವರು ಯಾರು?

ಆದರೆ ಅವಳ ಗಂಡನನ್ನು ಒಮ್ಮೆಲೇ ಕಳ್ಳನೆನ್ನಲು ನನ್ನ ನಾಲಿಗೆ ಬರಲಿಲ್ಲ. ಅವರ ಕಸುಬೇ ಕಾಲಡಿಯಿಂದ ಸರಿಯುತ್ತಿದೆ. ಅವರು ಕಲಿತದ್ದು ಆರ್-22 ಎಂಬ ಗ್ಯಾಸಿನ ಕಾಲದಲ್ಲಿ. ಓಝೋನ್ ಪದರಕ್ಕೆ ಹಾನಿ ಮಾಡುವ ವಸ್ತುಗಳನ್ನು ನಿಲ್ಲಿಸಬೇಕೆಂದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅದರಂತೆ ನಮ್ಮ ದೇಶದಲ್ಲಿ ಹೊಸ ಯಂತ್ರಗಳ ತಯಾರಿಕೆಯಲ್ಲಿ ಆರ್-22ರ ಬಳಕೆ 2024ರ ಕೊನೆಗೆ ಮುಗಿಯಿತು. ನಡುವೆ ಆರ್-410ಎ ಬಂತು. ಅದರ ಒತ್ತಡ ಹಳೆಯದಕ್ಕಿಂತ ಸುಮಾರು ಒಂದೂವರೆ ಪಟ್ಟು, ಹಳೆಯ ಗೇಜ್ ಅದಕ್ಕೆ ಆಗದು. ಈಗ ಹೆಚ್ಚಾಗಿ ಬರುವುದು ಆರ್-32, ಇದಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣವಿದೆ. ಕೆಲವು ಯಂತ್ರಗಳಲ್ಲಿರುವ ಆರ್-290 ಎಂದರೆ ನಮ್ಮ ಅಡುಗೆ ಸಿಲಿಂಡರಿನಲ್ಲೂ ಇರುವ ಪ್ರೊಪೇನ್. ಇನ್ನೂ ಮುಗಿದಿಲ್ಲ. 2016ರ ಕಿಗಾಲಿ ತಿದ್ದುಪಡಿಯಂತೆ ಭೂಮಿಯ ಬಿಸಿ ಹೆಚ್ಚಿಸುವ ಗ್ಯಾಸುಗಳನ್ನೂ ಭಾರತ 2032ರಿಂದ ಹಂತ ಹಂತವಾಗಿ ಇಳಿಸಬೇಕಾಗಿದೆ.

ಇದರ ಮೇಲೆ ಇನ್ವರ್ಟರ್ ಎಸಿ. ಕಂಪ್ರೆಸರಿನ ವೇಗವನ್ನು ಎಲೆಕ್ಟ್ರಾನಿಕ್ ಬೋರ್ಡ್ ನಿಯಂತ್ರಿಸುತ್ತದೆ. ಹಿಂದೆ ಕೆಪಾಸಿಟರ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಬೋರ್ಡ್ ಓದಲು ಬರಬೇಕು. ಹೊಸ ಯಂತ್ರ ಕೊಂಡವರಿಗೆ ಕಂಪೆನಿಯವರೇ ಬಂದು ಕೂರಿಸಿಕೊಡುತ್ತಾರೆ, ವಾರಂಟಿಯೂ ಅವರದೇ. ದೊಡ್ಡ ಕಟ್ಟಡದ ಕೆಲಸ ಸಿಕ್ಕಿತೆನ್ನಿ, ಬಿಲ್ಡರ್ ಕೊನೆಯ ಕಂತನ್ನು ತಿಂಗಳುಗಟ್ಟಲೆ ಹಿಡಿದಿಡುತ್ತಾನೆ. ತಾಮ್ರದ ಪೈಪಿನ ಅಂಗಡಿಯವನು ಕಾಯುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಊಟಕ್ಕೂ ಬಿಡುವಿಲ್ಲ, ಮಳೆ ಬಿದ್ದರೆ ಫೋನೇ ಬರುವುದಿಲ್ಲ. ಹುಡುಗರ ಸಂಬಳ ಮಾತ್ರ ಹನ್ನೆರಡು ತಿಂಗಳೂ ಕೊಡಬೇಕು. ಇಂತಹ ಇಕ್ಕಟ್ಟಿನಲ್ಲಿ ಶೈತಾನ ಕಿವಿಯಲ್ಲಿ ಹೇಳುವ ಮೊದಲ ಮಾತೇ ‘ಎಲ್ಲರೂ ಮಾಡುತ್ತಾರೆ’ ಎಂಬುದು.

ಇದಿಷ್ಟನ್ನೂ ಅವಳೇ ಹೇಳಿದಳು. ಗಂಡನ ಕಷ್ಟ ಅವಳಿಗೆ ಗೊತ್ತಿತ್ತು, ಅದಕ್ಕೇ ಅಳುತ್ತಿದ್ದಳು.

ನಾನು ಹೇಳಿದ್ದು ಇಷ್ಟು: ಹಾಕದ ಗ್ಯಾಸಿನ ಹಣ ನಿಮ್ಮದಲ್ಲ. ಒಳ್ಳೆಯ ಕೆಲಸದ ಕೂಲಿ ಹಲಾಲ್, ಅದನ್ನು ಇದರೊಂದಿಗೆ ಬೆರೆಸಿ ಎಲ್ಲವೂ ಹರಾಮ್ ಎಂದು ಎದೆಗುಂದಬೇಡ. ಹಣ ಯಾರದೆಂದು ಗೊತ್ತಿದ್ದರೆ ಅವರಿಗೇ ಮರಳಿಸಬೇಕು. ಎಷ್ಟು ಹುಡುಕಿದರೂ ಸಿಗದವರ ಹಣವನ್ನು ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡಬೇಕು. ವಿವರವನ್ನು ನಿಮ್ಮ ಮೊಹಲ್ಲಾದ ಖತೀಬರಲ್ಲಿ ಕೇಳಿ. ನಿನ್ನ ಕೈಯಲ್ಲಿ ಬಿಲ್ ಪುಸ್ತಕವಿದೆ, ಅದರಲ್ಲಿ ಹೆಸರೂ ವಿಳಾಸವೂ ಇವೆ. ಅದನ್ನು ಅಲ್ಲಾಹನ ಕೃಪೆ ಎಂದುಕೋ.

ಕುರ್‌ಆನಿನ ಅತಿ ದೀರ್ಘವಾದ ಆಯತ್, ಸೂರಃ ಅಲ್‌ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇದೆ. ಮದ್ರಸದಲ್ಲಿ ನಾವು ಅದನ್ನು ರಾಗವಾಗಿ ಓದಲು ಕಲಿಸುತ್ತೇವೆ, ಪೆನ್ನು ಹಿಡಿದು ಪಾಲಿಸಲು ಕಲಿಸುವುದು ಕಡಿಮೆ. (ಇದರಲ್ಲಿ ನಾನೂ ತಪ್ಪಿತಸ್ಥೆ.) ಬಿಲ್ಡರ್ ಹಿಡಿದಿಟ್ಟ ಹಣಕ್ಕೂ ಇದೇ ಮದ್ದು. ಕೆಲಸ ಹಿಡಿಯುವ ಮೊದಲೇ ಎಷ್ಟು ಮುಂಗಡ, ಎಷ್ಟು ಯಾವ ದಿನ ಎಂದು ಬರೆದು ಸಹಿ ಹಾಕಿಸಿಕೊಳ್ಳಬೇಕು. ನೆಂಟರ ಮನೆಯ ಕೆಲಸವಾದರೆ ಕಾಗದ ಕೇಳಲು ನಮಗೆ ನಾಚಿಕೆ. ಮನಸ್ತಾಪ ಹುಟ್ಟುವುದೂ ಹೆಚ್ಚಾಗಿ ಅಲ್ಲಿಯೇ.

ಎರಡು ತಿಂಗಳ ನಂತರ ಅವಳು ಮತ್ತೆ ಬಂದಳು. ಗಂಡ ಮೊದಲು ಸಿಟ್ಟಾದರಂತೆ, ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ಫಜ್ರ್ ನಂತರ ತಾವೇ ಪುಸ್ತಕ ತೆರೆದು ಗುರುತು ಹಾಕತೊಡಗಿದರು. ಹದಿನೇಳು ಮನೆಗಳು. ಕೆಲವರಿಗೆ ನಗದಾಗಿ ಮರಳಿಸಿದರು. ಕೆಲವರು ‘ಹಣ ಬೇಡ, ಮುಂದಿನ ಸರ್ವಿಸ್ ಮಾಡಿಕೊಡಿ’ ಎಂದರು. ಒಬ್ಬರು ಬೈದು ಬಾಗಿಲು ಹಾಕಿದರು, ಆ ಗಿರಾಕಿ ಹೋಯಿತು. ಇಬ್ಬರು ಮನೆ ಖಾಲಿ ಮಾಡಿ ಹೋಗಿದ್ದಾರೆ, ಹುಡುಕುತ್ತಿದ್ದಾರೆ.

ಈಗ ಗ್ಯಾಸ್ ತೂಗುವ ಡಿಜಿಟಲ್ ತಕ್ಕಡಿಯೊಂದನ್ನು ಕೊಂಡಿದ್ದಾರೆ. ಯಂತ್ರದ ಮೈಮೇಲಿನ ಫಲಕದಲ್ಲಿ ಯಾವ ಗ್ಯಾಸ್, ಎಷ್ಟು ತೂಕ ಎಂದು ಬರೆದಿರುತ್ತದೆ. ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ತುಂಬುವ ಮೊದಲು ಎಷ್ಟು, ನಂತರ ಎಷ್ಟು ಎಂದು ಮನೆಯವರಿಗೇ ತೋರಿಸಿ ಬಿಲ್ಲಿನಲ್ಲಿ ಬರೆಯುತ್ತಾರೆ. ಹೊಸ ಗ್ಯಾಸುಗಳಿಗೆ ಹೇಗೂ ತೂಗದೆ ಕೆಲಸವಾಗದು, ಅಂದಾಜಿಗೆ ತುಂಬಿದರೆ ಯಂತ್ರ ಕೆಡುತ್ತದೆ. ಆರ್-22ರ ಯಂತ್ರಕ್ಕೆ ಅಗ್ಗವೆಂದು ಉರಿಯುವ ಗ್ಯಾಸ್ ತುಂಬಿದರೆ ಪ್ರಾಣಕ್ಕೇ ಅಪಾಯ. ಕೆಲವರು ಹಾಗೆ ಮಾಡುತ್ತಾರಂತೆ. ನಿಮ್ಮ ಮನೆಗೆ ಬಂದವರನ್ನೂ ಫಲಕ ತೋರಿಸಿ ಕೇಳಿ, ಅದರಲ್ಲಿ ಸಂಕೋಚ ಬೇಡ.

ಮಳೆಗಾಲದ ಬಿಡುವಿನಲ್ಲಿ ಅವರು ಇನ್ವರ್ಟರ್ ಬೋರ್ಡಿನ ತರಬೇತಿಗೆ ಹೋಗಿ ಬಂದರು. ನಲ್ವತ್ತೆರಡರ ವಯಸ್ಸಿನಲ್ಲಿ ಇಪ್ಪತ್ತರ ಹುಡುಗರ ಜೊತೆ ಬೆಂಚಿನಲ್ಲಿ ಕುಳಿತುಕೊಳ್ಳಲು ನಾಚಿಕೆಯಾಯಿತಂತೆ. ತಂಗಿಯ ಮಗನನ್ನು ಐಟಿಐಯಲ್ಲಿ ಎರಡು ವರ್ಷದ ರೆಫ್ರಿಜರೇಶನ್ ಮೆಕ್ಯಾನಿಕ್ ಕೋರ್ಸಿಗೆ ಸೇರಿಸಿದ್ದಾರೆ. ಆದಾಯ ಹೆಚ್ಚಾಗಿದೆಯೇ ಎಂದು ಕೇಳಿದೆ. "ಇಲ್ಲ ಟೀಚರ್, ಈ ವರ್ಷ ಕಡಿಮೆಯೇ. ನನ್ನ ಎರಡು ಬಳೆ ಅಡವಿನಲ್ಲಿದೆ. ಆದರೆ ಬಡ್ಡಿಯದ್ದಲ್ಲ, ಜಮಾಅತಿನ ಬಡ್ಡಿರಹಿತ ನಿಧಿಯಲ್ಲಿ" ಎಂದಳು.

ಹೊರಡುವಾಗ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಗೋದಾಮಿನಲ್ಲಿರುವ ಪೈಪು, ಬಿಡಿಭಾಗಗಳಿಗೆ, ಬಿಲ್ಡರ್ ಇನ್ನೂ ಕೊಡದ ಹಣಕ್ಕೆ ಝಕಾತ್ ಲೆಕ್ಕ ಹೇಗೆ ಎಂದು. ಅದು ಸಣ್ಣ ಉತ್ತರದ ಪ್ರಶ್ನೆಯಲ್ಲ. ಇನ್‌ಶಾ ಅಲ್ಲಾಹ್, ಮುಂದಿನ ತಿಂಗಳು ಬರೆಯುತ್ತೇನೆ.