ಎಂಆರ್‌ಐ ಸಂಕೇತವನ್ನು 10,000 ಪಟ್ಟು ಹೆಚ್ಚಿಸಬಹುದೇ?

ನಮ್ಮ ದೇಹದ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಪುಟ್ಟ ಆಯಸ್ಕಾಂತಗಳಿದ್ದಂತೆ. ಎಂಆರ್‌ಐ ಯಂತ್ರ ಗುರುತಿಸುವುದು ಇವುಗಳ ಸಂಕೇತವನ್ನೇ. ಆದರೆ 3 ಟೆಸ್ಲಾ ಯಂತ್ರದೊಳಗೂ ಹೆಚ್ಚುಕಡಿಮೆ ಅರ್ಧದಷ್ಟು ಒಂದು ದಿಕ್ಕಿಗೆ, ಉಳಿದರ್ಧ ವಿರುದ್ಧ ದಿಕ್ಕಿಗೆ ತಿರುಗಿ ಒಂದರ ಪ್ರಭಾವವನ್ನು ಇನ್ನೊಂದು ಅಳಿಸುತ್ತವೆ. ನಮಗೆ ದಕ್ಕುವುದು 10 ಲಕ್ಷಕ್ಕೆ ಸುಮಾರು 10ರಷ್ಟು ಹೆಚ್ಚುವರಿಯ ಸಂಕೇತ ಮಾತ್ರ. ದೇಹದಲ್ಲಿ ನೀರು ಹೇರಳವಾಗಿರುವುದರಿಂದ ಚಿತ್ರ ಮೂಡುತ್ತದೆ; ವಿರಳವಾದ ಅಣುಗಳು ಕಾಣುವುದಿಲ್ಲ.

ನ್ಯೂಕ್ಲಿಯಸ್‌ಗಳನ್ನು ಮೊದಲೇ ಒಂದೇ ದಿಕ್ಕಿಗೆ ತಿರುಗಿಸಿಟ್ಟರೆ? ಇದೇ ಹೈಪರ್‌ಪೋಲರೈಸೇಶನ್. 2003ರಲ್ಲಿ ಆರ್ಡೆನ್‌ಕೇರ್-ಲಾರ್ಸೆನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ವಸ್ತುವನ್ನು ಸುಮಾರು ಮೈನಸ್ 272 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಆಯಸ್ಕಾಂತ ಕ್ಷೇತ್ರದಲ್ಲಿ ಮೈಕ್ರೋವೇವ್ ಹಾಯಿಸುತ್ತಾರೆ. ಆಗ ಎಲೆಕ್ಟ್ರಾನ್‌ಗಳ ಶಿಸ್ತು ಕಾರ್ಬನ್-13 ನ್ಯೂಕ್ಲಿಯಸ್‌ಗಳಿಗೆ ದಾಟುತ್ತದೆ. ಕೂಡಲೇ ಬಿಸಿ ದ್ರವದಲ್ಲಿ ಕರಗಿಸಿದರೆ ಸಂಕೇತ 10,000 ಪಟ್ಟಿಗೂ ಹೆಚ್ಚುತ್ತದೆ.

ಹೀಗೆ ಸಿದ್ಧಪಡಿಸಿದ ಪೈರುವೇಟನ್ನು ರಕ್ತನಾಳಕ್ಕೆ ಚುಚ್ಚಿ, ಅದು ಲ್ಯಾಕ್ಟೇಟ್ ಆಗುವುದನ್ನು ನೋಡಬಹುದು. ಹಲವು ಕ್ಯಾನ್ಸರ್ ಗಡ್ಡೆಗಳಲ್ಲಿ ಈ ಬದಲಾವಣೆ ಜೋರು. ಗಡ್ಡೆ ಕುಗ್ಗುವ ಮೊದಲೇ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಇದರಿಂದ ತಿಳಿದೀತೆಂಬುದು ಸಂಶೋಧಕರ ನಿರೀಕ್ಷೆ. ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಮೇಲಿನ ಮೊದಲ ಅಧ್ಯಯನ 2013ರಲ್ಲಿ ಪ್ರಕಟವಾಯಿತು.

ಆದರೆ ಹೆಚ್ಚಿದ ಸಂಕೇತ ಸುಮಾರು ಒಂದು ನಿಮಿಷದಲ್ಲೇ ಬಹುಪಾಲು ಇಳಿದುಹೋಗುತ್ತದೆ. ಹಾಗಾಗಿ ಔಷಧವನ್ನು ಸ್ಕ್ಯಾನರ್ ಪಕ್ಕದಲ್ಲೇ ತಯಾರಿಸಬೇಕು. ನಾವು ಮರೆಯಬಾರದ ಮಾತೆಂದರೆ, ಇದು ಸಾಮಾನ್ಯ ಎಂಆರ್‌ಐಗೆ ಬದಲಿಯಲ್ಲ, ಪೂರಕ.