ನನ್ನ ಉತ್ತರಪತ್ರಿಕೆಗೆ ನಾನೇ ಮೌಲ್ಯಮಾಪಕ!

ಮೂವತ್ತೈದು ವರ್ಷಗಳ ಕಾಲ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನು. ಕೆಂಪು ಶಾಯಿಯ ಲೇಖನಿಯಿಂದ ಎಷ್ಟು ಸಾವಿರ ಸಲ ಅಂಕ ಬರೆದಿರುವೆನೋ ಲೆಕ್ಕವಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲವೂ ಪರೀಕ್ಷೆ ಬರೆದ ವಿದ್ಯಾರ್ಥಿಯ ಕೈಗೇ ಕೆಂಪು ಲೇಖನಿಯನ್ನು ಕೊಟ್ಟು, "ನಿನಗೆ ಎಷ್ಟು ಬೇಕೋ ಹಾಕಿಕೋ ಮಗು" ಎಂದು ನಾವು ಹೇಳಿದ್ದಿಲ್ಲ. ಇದು ಮಕ್ಕಳ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ಪದ್ಧತಿಯಲ್ಲ. ಮನುಷ್ಯ ಸ್ವಭಾವದ ಅರಿವಿನಿಂದ ಹುಟ್ಟಿದ್ದು.

ಮಕ್ಕಳಿಗೆ ನಿರಾಕರಿಸಿದ ಆ ಲೇಖನಿಯನ್ನು ಇಂದು ಮುದುಕರ ಕೈಗೆ ಧಾರಾಳವಾಗಿ ಕೊಡಲಾಗುತ್ತಿದೆ. 'ಸಮಗ್ರ ಸ್ವಾಸ್ಥ್ಯದ ಸ್ವಯಂ ಮೌಲ್ಯಮಾಪನ' ಎಂಬುದು ಅದರ ಹೆಸರು. ಇದನ್ನು ಕುರಿತು ನನ್ನ ತಕರಾರನ್ನು ಓದುಗರ ಮುಂದಿಡುವುದಕ್ಕೆ ಮುನ್ನ ಒಂದು ಪ್ರಸಂಗವನ್ನು ಹೇಳಬೇಕು.

ಮೂರು ವರ್ಷಗಳ ಹಿಂದೆ ನಮ್ಮಂಥ ಪಿಂಚಣಿದಾರರಿಗಾಗಿ ಅರ್ಧ ದಿನದ ಶಿಬಿರವೊಂದು ನಡೆಯಿತು. ನಡೆಸಿದವರ ಹೆಸರು ಬೇಡ. ಅಂಥವರು ಈಗ ಎಲ್ಲ ಊರುಗಳಲ್ಲಿಯೂ ಇದ್ದಾರೆ. ಪ್ರತಿಯೊಬ್ಬರಿಗೂ ಒಂದೊಂದು ನಮೂನೆಯನ್ನು ಹಂಚಿದರು. ಅದರಲ್ಲಿ ಒಂದು ಚಕ್ರ, ಚಕ್ರಕ್ಕೆ ಎಂಟು ಅರಗಳು: ದೇಹ, ಮನಸ್ಸು, ಭಾವನೆ, ಕುಟುಂಬ, ಹಣಕಾಸು, ಬುದ್ಧಿ, ಅಧ್ಯಾತ್ಮ, ಪರಿಸರ. ಒಂದೊಂದಕ್ಕೂ ಹತ್ತರಲ್ಲಿ ಎಷ್ಟೆಂದು ನಮಗೆ ನಾವೇ ಅಂಕ ಕೊಟ್ಟು, ಚುಕ್ಕೆಗಳನ್ನು ಸೇರಿಸಬೇಕು. ಗೆರೆ ದುಂಡಗೆ ಬಂದರೆ ಬದುಕಿನ ಬಂಡಿ ಸಲೀಸಾಗಿ ಉರುಳುತ್ತದೆಯಂತೆ! ನನ್ನ ಚಕ್ರ ಹಲ್ಲು ಮುರಿದ ಗರಗಸದಂತೆ ಕಾಣುತ್ತಿತ್ತು, ಎಂಬತ್ತಕ್ಕೆ 51. ಪಕ್ಕದಲ್ಲಿ ಕುಳಿತಿದ್ದ ನನ್ನ ಬಹುಕಾಲದ ಗೆಳೆಯ, ಗಣಿತದ ಮೇಷ್ಟ್ರು, 73 ಅಂಕ ಪಡೆದು ಮೊದಲಿಗರಾದರು. ಚಪ್ಪಾಳೆಯೊಂದಿಗೆ ಕುಂಡದಲ್ಲಿ ನೆಟ್ಟ ತುಳಸಿ ಗಿಡವೊಂದು ಅವರಿಗೆ ಬಹುಮಾನವಾಗಿ ದೊರೆಯಿತು. ಅವರ ಪತ್ನಿ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. 'ಭಾವನೆ' ಎಂಬ ಅರಕ್ಕೆ ಅವರು ಬರೆದಿದ್ದ ಅಂಕ 9.

ಇದಾದ ಒಂದು ತಿಂಗಳಿಗೆ, ನಮ್ಮ ಬೀದಿಯ ತಿರುವಿನಲ್ಲಿ ಹೂ ಮಾರುವ ಹೆಂಗಸು ನನ್ನನ್ನು ತಡೆದು ಕೇಳಿದಳು: "ಸಾ, ನಿಮ್ ಸ್ನೇಹಿತ್ರು ಎರಡು ದಿವಸದಿಂದ ಹೂವಿಗೆ ಬಂದಿಲ್ಲ. ಊರಲ್ಲಿ ಇಲ್ವಾ?" ಪತ್ನಿಯ ಭಾವಚಿತ್ರಕ್ಕೆಂದು ಅವರು ದಿನವೂ ಒಂದು ಮೊಳ ಮಲ್ಲಿಗೆ ಕೊಳ್ಳುತ್ತಿದ್ದರು. ನನಗೆ ಎದೆ ಧಸಕ್ಕೆಂದಿತು. ಹೋಗಿ ಬಾಗಿಲು ಬಡಿದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದವರು ಗೋಡೆ ಹಿಡಿದುಕೊಂಡು ನಿಂತಿದ್ದರು. ಅಡುಗೆಮನೆಯಲ್ಲಿ ಬನ್ನಿನ ಖಾಲಿ ಪೊಟ್ಟಣಗಳ ರಾಶಿ. ರಕ್ತದೊತ್ತಡದ ಮಾತ್ರೆ ನಿಂತು ಎರಡು ತಿಂಗಳಾಗಿತ್ತು. ಬಹುಮಾನದ ತುಳಸಿ ಜಗಲಿಯ ಮೇಲೆ ಒಣಗಿ ನಿಂತಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ ಕೇಳಿದೆ: "ಅಲ್ಲಯ್ಯಾ, ಅವತ್ತು ಒಂಬತ್ತು ಅಂತ ಬರೆದೆಯಲ್ಲ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಷ್ಟು ಜನರ ಮುಂದೆ ಮೂರು ಅಂತ ಬರೀಬೇಕಿತ್ತೇನಯ್ಯ? ಮೇಷ್ಟ್ರಾದವನು ಫೇಲಾಗೋದಾ?"

ಸಹೃದಯರೇ, ನನ್ನ ಮೊದಲ ತಕರಾರು ಇದೇ. ಸೋತವನು ಸೋತೆನೆಂದು ಬರೆಯುವುದಿಲ್ಲ. ತೀರಾ ಕುಗ್ಗಿದವನಿಗೆ ಲೇಖನಿ ಹಿಡಿಯುವ ಉತ್ಸಾಹವೇ ಇರುವುದಿಲ್ಲ. ಇನ್ನು ನಿಜವಾಗಿಯೂ ಚೆನ್ನಾಗಿದ್ದೇನೆಂದು ನಂಬಿದವನ ಗತಿಯಾದರೂ ಏನು? ಅಧಿಕ ರಕ್ತದೊತ್ತಡವು ಬಹುಮಟ್ಟಿಗೆ ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಒಳಗೇ ಕುಳಿತಿರಬಲ್ಲುದು. ದೇಹಕ್ಕೆ ಹತ್ತಕ್ಕೆ ಹತ್ತು ಕೊಟ್ಟುಕೊಂಡವನ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ 170 ಇರಬಹುದು! ಉಪಕರಣದಿಂದ ಅಳೆಯಬೇಕಾದುದನ್ನು ಉಪಕರಣದಿಂದಲೇ ಅಳೆಯಬೇಕು, ಅನಿಸಿಕೆಯಿಂದ ಅಲ್ಲ.

ವೈದ್ಯರೂ ಪ್ರಶ್ನಾವಳಿ ಬಳಸುತ್ತಾರಲ್ಲ ಎಂದು ಯಾರಾದರೂ ಕೇಳಿಯಾರು. ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನ 1998ರ ಐದು ಪ್ರಶ್ನೆಗಳ ಪಟ್ಟಿಯೊಂದಿದೆ. ಕಳೆದೆರಡು ವಾರಗಳಲ್ಲಿ ಉಲ್ಲಾಸ, ನೆಮ್ಮದಿ, ಚೈತನ್ಯ, ನಿದ್ದೆ, ಆಸಕ್ತಿಗಳು ಹೇಗಿದ್ದವೆಂದು ಅದು ಕೇಳುತ್ತದೆ. ಅದನ್ನು ನಾನು ಹಳಿಯಲಾರೆ. ಏಕೆಂದರೆ ಸರಿಯಾದ ರೀತಿಯಲ್ಲಿ ಬಳಸಿದಾಗ ಅದರ ಆಚೆ ಬದಿಯಲ್ಲಿ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಅಂಕ ಕಡಿಮೆ ಬಂದರೆ "ಏನಾಯಿತು, ಹೇಳಿ" ಎಂದು ಕುರ್ಚಿಯನ್ನು ಮುಂದಕ್ಕೆಳೆಯುತ್ತಾನೆ. ನಮ್ಮ ಶಿಬಿರದಲ್ಲಿ ಕಡಿಮೆ ಬಂದವನಿಗೂ ಹೆಚ್ಚು ಬಂದವನಿಗೂ ದೊರೆತದ್ದು ಒಂದೇ ಹಸಿರು ಕರಪತ್ರ.

ಎರಡನೆಯ ತಕರಾರು ಈ ಅಂಕಿಗಳ ಹುಟ್ಟಿನ ಕುರಿತಾದದ್ದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ಈಗ ವೇದವಾಕ್ಯವಾಗಿದೆ. ಅದರ ಮೂಲ ಎಲ್ಲಿಯದು? ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. 'ಮಾನ್ಪೊಕೈ', ಅಂದರೆ ಹತ್ತು ಸಾವಿರ ಹೆಜ್ಜೆಗಳ ಮಾಪಕ, ಎಂಬುದು ಅದರ ಹೆಸರು. ಅಂಗಡಿಯಲ್ಲಿ ಹುಟ್ಟಿದ ಸಂಖ್ಯೆ ಅದು! ಎತ್ತರ–ತೂಕಗಳ ಅನುಪಾತವಾದ ಬಿಎಂಐ ಲೆಕ್ಕವನ್ನು 19ನೆಯ ಶತಮಾನದಲ್ಲಿ ರೂಪಿಸಿದವನು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವನು ವೈದ್ಯನಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ; ಜನಸಮೂಹದ ಸರಾಸರಿಯನ್ನು ಹುಡುಕುತ್ತಿದ್ದವನು. ನಡಿಗೆ ಬೇಡವೆಂದಾಗಲಿ, ತೂಕ ಹೇಗಿದ್ದರೂ ಸರಿಯೆಂದಾಗಲಿ ನಾನು ಹೇಳುತ್ತಿಲ್ಲ. ಇವು ಕೈಮರಗಳು, ತೀರ್ಪುಗಳಲ್ಲ. ಮಂಡಿನೋವಿನಲ್ಲಿಯೂ ಹತ್ತು ಸಾವಿರ ತುಂಬಿಸಲೆಂದು ರಾತ್ರಿ ಹನ್ನೊಂದಕ್ಕೆ ಹಜಾರದಲ್ಲಿ ಸುತ್ತುವ ಹಿರಿಯರನ್ನು ಕಂಡಾಗ, ಪಾಠ ತಿಳಿಯದೆ ಉತ್ತರವನ್ನು ಉರುಹೊಡೆದ ಹುಡುಗರ ನೆನಪಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಅಂದು ಕಾಫಿ ಕೊಡಲು ಬಂದಿದ್ದ ಹೆಂಗಸಿಗೂ ಉತ್ಸಾಹದಿಂದ ಒಂದು ನಮೂನೆ ಕೊಟ್ಟರು. ಆಕೆ 'ಹಣಕಾಸು' ಎಂಬಲ್ಲಿ ಯಾವ ಸಂಕೋಚವೂ ಇಲ್ಲದೆ 2 ಎಂದು ಬರೆದಳು. ಆ ಸಭೆಯಲ್ಲಿ ಬರೆಯಲಾದ ಅತ್ಯಂತ ಪ್ರಾಮಾಣಿಕ ಅಂಕ ಅದು. ಅದಕ್ಕೆ ದೊರೆತ ಪರಿಹಾರವೇನು? "ಪ್ರತಿರಾತ್ರಿ ಮಲಗುವ ಮುನ್ನ ಮೂರು ಕೃತಜ್ಞತೆಗಳನ್ನು ದಿನಚರಿಯಲ್ಲಿ ಬರೆಯಿರಿ." ಸಂಬಳ ಸಾಲದವಳಿಗೆ ಕೃತಜ್ಞತೆಯ ಉಪದೇಶ! ನನಗೆ 'ಪರಿಸರ'ಕ್ಕೆ 3 ಬಂದಿತ್ತು. ಮನೆಯ ಮುಂದೆ ಬಾಯ್ತೆರೆದ ಚರಂಡಿಯಿದೆ, ನಡೆಯಲು ಕಾಲುದಾರಿಯಿಲ್ಲ. ಧ್ಯಾನದಿಂದ ಸಾಮರಸ್ಯವನ್ನು ಬೆಳೆಸಿಕೊಳ್ಳಿರೆಂದರು. ಧ್ಯಾನ ಒಳ್ಳೆಯದೇ. ಆದರೆ ಧ್ಯಾನದಿಂದ ಚರಂಡಿ ಮುಚ್ಚುವುದಿಲ್ಲ.

1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವನ್ನು ವಿವರಿಸುವಾಗ ದೇಹ, ಮನಸ್ಸುಗಳ ಜೊತೆಗೆ 'ಸಾಮಾಜಿಕ' ಎಂಬ ಪದವನ್ನೂ ಸೇರಿಸಿತು. ಆ ಪದವನ್ನು ಈ ಚಕ್ರದವರು ಎಲ್ಲಿ ಬಿಟ್ಟುಬಂದರು? 2025ರ ಜೂನ್‌ನಲ್ಲಿ ಅದೇ ಸಂಸ್ಥೆಯ ಆಯೋಗವೊಂದು ನೀಡಿದ ವರದಿಯ ಅಂದಾಜಿನಂತೆ, ಜಗತ್ತಿನಲ್ಲಿ ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳಿಗೆ ಒಂಟಿತನದ ನಂಟಿದೆ. ಒಂಟಿತನವು ಒಬ್ಬನೇ ಕುಳಿತು ಅಂಕ ಹಾಕಿಕೊಂಡು, ಒಬ್ಬನೇ ಸರಿಪಡಿಸಿಕೊಳ್ಳಬಹುದಾದ ಕಾಯಿಲೆಯೇ?

'ಸ್ವಸ್ಥ' ಎಂದರೆ ತನ್ನಲ್ಲಿ ತಾನು ನೆಲೆನಿಂತವನು. ಆದ್ದರಿಂದ ಎಲ್ಲವೂ ನಮ್ಮೊಳಗೇ ಇದೆ ಎಂದು ಶಿಬಿರದ ಭಾಷಣಕಾರರು ಪದವನ್ನು ಬಿಡಿಸಿ ತೋರಿಸಿದರು. ಪದದ ಬಿಡಿಸುವಿಕೆ ಸರಿಯೇ. ಸುಶ್ರುತನೂ ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಮತೋಲನಕ್ಕೆ ನಿಲ್ಲದೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿದ್ದಾನೆ. ಆದರೆ ನಿಲ್ಲುವವನಿಗೆ ನೆಲವೊಂದು ಬೇಕಲ್ಲವೇ? ಆ ನೆಲ ಇತರರಿಂದಾದದ್ದು.

ಹಾಗಾದರೆ ಆತ್ಮಾವಲೋಕನವೇ ಬೇಡವೇ? ಖಂಡಿತ ಬೇಕು. ಆದರೆ ಅದಕ್ಕೆ ಪರೀಕ್ಷಕರನ್ನು ಹೊರಗಿನಿಂದ ಕರೆಯೋಣ. ನಾನು ಈಗ ಅಂಕಗಳನ್ನು ಬಿಟ್ಟು ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಎರಡು ದಿನ ನನ್ನ ಮನೆಯ ಬಾಗಿಲು ತೆರೆಯದಿದ್ದರೆ ಯಾರು ಬಂದು ತಟ್ಟುತ್ತಾರೆ? ಕಳೆದ ವಾರ ಯಾವ ಕೆಲಸವೂ ಇಲ್ಲದೆ ನಾನು ಯಾರ ಮನೆಗೆ ಹೋಗಿದ್ದೆ? ರಕ್ತದೊತ್ತಡ, ಸಕ್ಕರೆಗಳನ್ನು ಕೊನೆಯ ಸಲ ಪರೀಕ್ಷಿಸಿದ ದಿನಾಂಕ ಯಾವುದು? ನನ್ನೊಡನೆ ಬದುಕುವುದು ಮನೆಯವರಿಗೆ ಹೇಗನಿಸುತ್ತಿದೆ? ಕೊನೆಯದಕ್ಕೆ ಉತ್ತರವನ್ನು ಮನೆಯವರೇ ಹೇಳಬೇಕು. ಮಾತಿನ ತಾಳ್ಮೆಗೆ ನನಗೆ ನಾನೇ ಎಂಟು ಕೊಟ್ಟುಕೊಂಡಿದ್ದೆ. ನನ್ನ ಮನೆಯಾಕೆಯನ್ನು ಕೇಳಿದಾಗ ನಾಲ್ಕು ಎಂದಳು. ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲವೆಂದೂ ಸೇರಿಸಿದಳು!

ಯಾರೊಡನೆಯೂ ಹೇಳಿಕೊಳ್ಳಲಾಗದ ಭಾರವಿದ್ದರೆ 14416 ಎಂಬ ಸಂಖ್ಯೆಯನ್ನು ನೆನಪಿಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್' ಸೇವೆ ಅದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ನಮ್ಮ ಗಣಿತದ ಮೇಷ್ಟ್ರಿಗೆ ಅಂದು ಈ ಸಂಖ್ಯೆಯನ್ನು ಹೇಳುವವರು ಯಾರೂ ಇರಲಿಲ್ಲ, ನಾನೂ ಹೇಳಲಿಲ್ಲ. ಆ ಶಿಬಿರದ ತಪ್ಪನ್ನು ಎಣಿಸುವ ನಾನು, ಪಕ್ಕದಲ್ಲಿಯೇ ಕುಳಿತು ಆ ಒಂಬತ್ತನ್ನು ಕಂಡು ಚಪ್ಪಾಳೆ ತಟ್ಟಿದವನು. ಇದನ್ನು ಬರೆಯದಿದ್ದರೆ ಈ ಲೇಖನವೂ ಒಂದು ಸುಳ್ಳು ಸ್ವಯಂ ಮೌಲ್ಯಮಾಪನವಾದೀತು.

ಈಗ ನಾವು ಆರು ಮಂದಿ ನಿವೃತ್ತರು ಸರದಿಯಂತೆ ಒಬ್ಬರ ಬಾಗಿಲನ್ನೊಬ್ಬರು ತಟ್ಟುತ್ತೇವೆ. ಬೀದಿಯ ಕೊನೆಗೆ ಒಂದು ಬೆಂಚು, ಒಂದು ದೀಪ ಬೇಕೆಂದು ಅರ್ಜಿ ಬರೆದೆವು. ಹದಿನಾಲ್ಕು ತಿಂಗಳ ಮೇಲೆ ಕಲ್ಲುಬೆಂಚು ಬಂದಿದೆ. ದೀಪಕ್ಕಾಗಿ ಇನ್ನೂ ಓಡಾಡುತ್ತಿದ್ದೇವೆ. ಸಂಜೆ ಆ ಬೆಂಚಿನ ಮೇಲೆ ಕುಳಿತು ಮೇಷ್ಟ್ರು ಹೂವಿನವಳ ಮೊಮ್ಮಗನಿಗೆ ಭಿನ್ನರಾಶಿ ಹೇಳಿಕೊಡುತ್ತಾರೆ. ಅವರು ಪೂರ್ತಿ ಚೇತರಿಸಿಕೊಂಡಿದ್ದಾರೆಂದು ನಾನು ಹೇಳಲಾರೆ. ಕೆಲವು ದಿನ ಬೆಂಚಿಗೆ ಬರುವುದಿಲ್ಲ. ಬಾರದ ದಿನ ಮಾತ್ರ ಅದು ಯಾರಿಗಾದರೂ ತಿಳಿಯುತ್ತದೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಚಕ್ರ ಬರೆಯುವ ಆ ಅರ್ಧ ಗಂಟೆಯನ್ನು ಉಳಿಸಿ, "ನಾನು ಆರಾಮವಾಗಿದ್ದೇನೆ" ಎಂದು ಎಲ್ಲರಿಗಿಂತ ಜೋರಾಗಿ ಹೇಳುವ ನಿಮ್ಮ ಗೆಳೆಯರ ಮನೆಗೆ ಇಂದು ಸಂಜೆ ಒಮ್ಮೆ ಹೋಗಿಬನ್ನಿ. ಊಟವಾಯಿತೇ ಎಂದು ಕೇಳಿ. ಸಾಧ್ಯವಾದರೆ ಅಡುಗೆಮನೆಯನ್ನೂ ಒಮ್ಮೆ ಇಣುಕಿ ನೋಡಿ.